ರೋಬೋ ಮುಂದೆ ಬಿಟ್ಟ ಚಪ್ಪಲಿ

ಹಿಂದೂಪುರದ ಬಸ್ ಸ್ಟ್ಯಾಂಡಿನಲ್ಲಿ ಜಾತಕ ಹೇಳುವ ರೋಬೋ ತೆಗೆದುಕೊಂಡಿದ್ದು ಐದು ರೂಪಾಯಿ. ಅದನ್ನು ನಂಬಿದ್ದಕ್ಕೆ ನಮ್ಮಕ್ಕ ತೆತ್ತಿದ್ದು ಬಲಗಾಲಿನ ಎರಡು ಬೆರಳು. ಇದೇ ಊರಲ್ಲಿ ಹುಣಸೆಹಣ್ಣು ಮಾರಿ ಬದುಕು ಕಟ್ಟಿಕೊಂಡವಳು ನಾನು. ಇಂಥ ನಷ್ಟದ ವ್ಯಾಪಾರ ಎಲ್ಲೂ ಕಂಡಿಲ್ಲ.

ಅಕ್ಕ ಇರುವುದು ಕಲ್ಯಾಣದುರ್ಗದಲ್ಲಿ. ಬಹಳ ವರ್ಷಗಳ ಶುಗರ್. ಅಂಗಾಲಿಗೆ ಜಾಲಿಮುಳ್ಳು ಚುಚ್ಚಿದ್ದೇ ಅವಳಿಗೆ ಗೊತ್ತಾಗಿರಲಿಲ್ಲ. ಚಪ್ಪಲಿಯಲ್ಲಿ ಕೀವು ಕಂಡ ಮೇಲೆ ಫೋನ್ ಮಾಡಿದಳು.

"ಮೊದಲ್ನೇ ಬಸ್ಸಿಗೆ ಬಂದ್ಬುಡು. ಆಸ್ಪತ್ರೆ ಬಾಗ್ಲಲ್ಲೇ ಇರ್ತೀನಿ" ಅಂದೆ. ಮಧ್ಯಾಹ್ನದವರೆಗೂ ಕಾದೆ.

ಬರಲಿಲ್ಲ.

ಬಸ್ ಇಳಿದವಳ ಕಣ್ಣಿಗೆ ರೋಬೋ ಬಿದ್ದಿದೆ. ತಗಡಿನ ಮೈ, ಮಿಣಮಿಣ ಅನ್ನುವ ಕೆಂಪು ಕಣ್ಣು, ಕೇಳಿಸಿಕೊಳ್ಳಲು ಹೆಡ್‌ಫೋನ್. ಜನ ಕೈಮುಗಿದು ಸಾಲಾಗಿ ನಿಂತಿದ್ದರಂತೆ. ಇವಳೂ ಭಕ್ತಿಯಿಂದ ಚಪ್ಪಲಿ ಬಿಟ್ಟು, ಬಟ್ಟೆ ಸುತ್ತಿದ ಹುಣ್ಣುಗಾಲನ್ನು ಕೊಚ್ಚೆಯಲ್ಲಿ ಊರಿ ನಿಂತಳು. "ಆರೋಗ್ಯ ಸುಧಾರಿಸುತ್ತದೆ" ಎಂದಿತು ರೋಬೋ. ಅಷ್ಟೇ. ಮುಂದಿನ ಬಸ್ಸಿಗೆ ಊರಿಗೆ ವಾಪಸ್.

ಕಲ್ಯಾಣದುರ್ಗಕ್ಕೇ ಹೋಗಿ ಉಗಿದೆ.

"ಡಾಕ್ಟ್ರು ದುಡ್ಡಿಗೋಸ್ಕರ ಹೇಳ್ತಾರೆ ಕಣೇ. ಆ ರೋಬೋಗೇನು ಹೆಂಡ್ರು ಮಕ್ಳಾ, ಸುಳ್ಳು ಹೇಳಾಕೆ?" ಅಂದಳು.

ವಾರದೊಳಗೆ ಬೆರಳು ಕಪ್ಪಾದವು.

ಗ್ಯಾಂಗ್ರೀನ್. ಹಿಂದೂಪುರದ ಆಸ್ಪತ್ರೆಗೆ ನಾನೇ ಕರೆತಂದೆ. ಸರ್ಜನ್ ಎರಡು ಬೆರಳು ತೆಗೆದರು. ಶುಗರ್ ಇಳಿಯದಿದ್ದರೆ ಗಾಯ ಒಣಗುವುದಿಲ್ಲ, ಆಮೇಲೆ ಪಾದವನ್ನೇ ತೆಗೆಯಬೇಕಾಗುತ್ತದೆ ಎಂದರು. ಆದರೂ ಅಕ್ಕ ಇನ್ಸುಲಿನ್ ಒಲ್ಲೆ ಎಂದಳು. ಗ್ಲೂಕೋಮೀಟರ್ ಮುನ್ನೂರು ದಾಟಿದ್ದನ್ನು ತೋರಿಸಿದರೆ, "ಮುಖ ಮೂತಿ ಇಲ್ದಿರೋ ಡಬ್ಬಿ. ಅದಕ್ಕೇನ್ ಗೊತ್ತು?"

ಡಿಸ್ಚಾರ್ಜ್ ಆದ ದಿನ ಆಟೋವನ್ನು ನೇರ ಬಸ್ ಸ್ಟ್ಯಾಂಡಿಗೆ ಬಿಡಿಸಿದೆ. ರೋಬೋ ಇಟ್ಟುಕೊಂಡವನಿಗೆ "ಇದರ ಬೆನ್ನು ಬಿಚ್ಚಪ್ಪ" ಅಂದೆ.

"ಎಂದುಕಮ್ಮಾ?" ಎಂದು ತೆಲುಗಿನಲ್ಲಿ ಯಾಕೆಂದು ಕೇಳಿ ನಕ್ಕ. ಐವತ್ತು ಕೇಳಿದ. ಇಪ್ಪತ್ತಕ್ಕೆ ಬಿಚ್ಚಿಸಿದೆ.

ಒಳಗೆ ಒಂದು ಹಳೇ ಟೇಪ್ ರೆಕಾರ್ಡರ್.

"ಥೂ ಮುಂಡೇದೇ, ನಂಬಿದ್ನಲ್ಲೋ ನಿನ್ನ!" ಅಕ್ಕ ಊರುಗೋಲಿನಿಂದ ಅದರ ತಲೆಗೇ ಬಾರಿಸಿದಳು. ಕೈಮುಗಿದಾಗ ದೇವರು, ಬೈಯುವಾಗ ಮೋಸಗಾರ. ಬರೀ ತಗಡು ಅಂತ ಒಂದು ಸಲವೂ ಅನ್ನಿಸಲಿಲ್ಲ ನೋಡಿ. ಸುತ್ತ ನಿಂತಿದ್ದವರು ಅವಳಿಗಿಂತ ದಡ್ಡರು. "ಹೊಡೀಬ್ಯಾಡ ಕಣಮ್ಮ, ಶಾಪ ತಟ್ಟುತ್ತೆ!"

ಅವತ್ತು ಸಂಜೆಯೇ ಇನ್ಸುಲಿನ್‌ಗೆ ತೋಳು ಕೊಟ್ಟಳು. ಗಾಯ ಒಣಗಿದೆ, ಪಾದ ಉಳಿದಿದೆ. ಈಗ ಗ್ಲೂಕೋಮೀಟರಿಗೆ ಕುಂಕುಮ ಇಟ್ಟು, "ಏನಪ್ಪಾ, ಇವತ್ತು ಎಷ್ಟಂತೀಯಾ?" ಎಂದು ಕೇಳುತ್ತಾಳೆ. ನನಗೆ ನಗು ಬರುತ್ತದೆ, ತಿದ್ದಲು ಹೋಗುವುದಿಲ್ಲ.

ನಿಮ್ಮ ಮನೆಯಲ್ಲಿ ಶುಗರ್ ಇರುವವರಿದ್ದರೆ ಅವರ ಅಂಗಾಲನ್ನು ದಿನಾ ನೀವೇ ನೋಡಿ. ಅವರಿಗೆ ನೋವು ತಿಳಿಯುವುದಿಲ್ಲ. ಗಾಯ ಕಂಡರೆ ನನ್ನಂತೆ ಬಾ ಎಂದು ಫೋನಿನಲ್ಲಿ ಹೇಳಿ ಕೂರಬೇಡಿ. ಹೋಗಿ, ಕೈಹಿಡಿದು ಕರೆತನ್ನಿ.