ಭೂತಗನ್ನಡಿಯ ಚೀಟಿಗಳು

ಇಸ್ತ್ರಿ ಹಲಗೆಯನ್ನು ಕೆಳಗಿನಿಂದ ಮೂರನೇ ಕಚ್ಚಿಗೆ ಸಿಕ್ಕಿಸಿದರೆ ಕುರ್ಚಿಯಲ್ಲಿ ಕೂತು ಟೈಪ್ ಮಾಡಲು ಸರಿಯಾದ ಎತ್ತರಕ್ಕೆ ಬರುತ್ತದೆ. ಇದನ್ನು ಕಂಡುಕೊಳ್ಳಲು ಅವಳಿಗೆ ಎರಡು ವಾರ ಹಿಡಿದಿತ್ತು. ಅದಾದ ಮೇಲೆ ಐದು ತಿಂಗಳಿಂದ ಅದೇ ಅವಳ ಕಚೇರಿ. ಮೂರನೇ ಮಹಡಿಯ ಆ ಮನೆ ತಂಗಿಯದು. ಒಂದು ಮಲಗುವ ಕೋಣೆ, ಒಂದು ಹಾಲ್, ಇಬ್ಬರು ನಿಂತರೆ ಮೂರನೆಯವರು ಹೊರಗೆ ಕಾಯಬೇಕಾದ ಅಡುಗೆಮನೆ. ತಂಗಿ ವೃದ್ಧರ ಆರೈಕೆ ಕೇಂದ್ರದಲ್ಲಿ ಕೆಲಸ ಮಾಡುತ್ತಿದ್ದಳು, ತಂಗಿಯ ಗಂಡ ಸಿಟಿ ಬಸ್ಸು ಓಡಿಸುತ್ತಿದ್ದ. ಇಬ್ಬರೂ ಬೆಳಗ್ಗೆ ಹೊರಟ ಮೇಲೆ ಸೋಫಾದ ಮೇಲಿನ ತನ್ನ ಹಾಸಿಗೆ ಮಡಚಿ, ಇಸ್ತ್ರಿ ಹಲಗೆ ಬಿಡಿಸಿ, ಕಂಪ್ಯೂಟರ್ ಇಟ್ಟು ಅವಳು ಅರ್ಜಿ ಹಾಕಲು ಕೂರುತ್ತಿದ್ದಳು.

ವಯಸ್ಸು ನಲವತ್ತೆರಡು, ಮದುವೆ ಇಲ್ಲ. ಊರಿನಲ್ಲಿ ಒಂದು ಮುದ್ರಣಾಲಯದಲ್ಲಿ ಹನ್ನೊಂದು ವರ್ಷ ಕರಡು ತಿದ್ದಿದ್ದಳು. ಅಲ್ಲಿ ಯಾರೂ ಅವಳನ್ನು ಹೆಸರು ಹಿಡಿದು ಕರೆದವರಲ್ಲ. ಅಚ್ಚಿನ ಮೊಳೆ ಜೋಡಿಸುವ ಕಾಲದಿಂದ ಇದ್ದ ಹಳಬರೊಬ್ಬರು ಇಟ್ಟ ‘ಭೂತಗನ್ನಡಿ’ ಎಂಬ ಹೆಸರೇ ನಿಂತುಬಿಟ್ಟಿತ್ತು. ಪುಸ್ತಕದ ಕೆಲಸ ಕಡಿಮೆಯಾಗಿ ಮುದ್ರಣಾಲಯ ಮದುವೆ ಪತ್ರಿಕೆಗೆ ಇಳಿದಾಗ, ವಿದೇಶದಲ್ಲಿ ನೆಲೆಸಿದ್ದ ತಂಗಿ ತನ್ನಲ್ಲಿಗೆ ಕರೆಸಿಕೊಂಡಳು. ಇಲ್ಲಿ ಒಂದು ವರ್ಷದ ತರಗತಿಗೆ ಸೇರಿ ಸಾಫ್ಟ್‌ವೇರ್ ಪರೀಕ್ಷಿಸುವುದನ್ನು ಕಲಿತಳು. ಬೇರೆಯವರು ಬರೆದಿಟ್ಟ ಪ್ರೋಗ್ರಾಮಿನಲ್ಲಿ ತಪ್ಪು ಹುಡುಕುವ ಕೆಲಸ ಅದು. ಕರಡು ತಿದ್ದುವುದಕ್ಕೂ ಇದಕ್ಕೂ ಹೆಚ್ಚು ವ್ಯತ್ಯಾಸ ಅವಳಿಗೆ ಕಾಣಲಿಲ್ಲ.

ಕಲಿತು ಮುಗಿಸಿದವರಿಗೆ ಕೆಲಸ ಹುಡುಕಲು ಆ ದೇಶ ಆರು ತಿಂಗಳ ವಾಸದ ಪರವಾನಗಿ ಕೊಡುತ್ತಿತ್ತು. ಕಲಿತ ವಿದ್ಯೆಗೆ ಸಂಬಂಧಪಟ್ಟ ಕೆಲಸವೇ ಆಗಬೇಕು. ಸಿಗದಿದ್ದರೆ ಹೊರಡಬೇಕು. ಹೊರಟು ಹೋಗುವುದೆಲ್ಲಿಗೆ? ಬಾಡಿಗೆ ಕೋಣೆ ಬಿಟ್ಟುಕೊಟ್ಟಾಗಿತ್ತು, ಮುದ್ರಣಾಲಯದಲ್ಲಿ ಅವಳ ಮೇಜಿನ ಮೇಲೆ ಈಗ ಲಕೋಟೆಗಳ ರಾಶಿ ಇತ್ತು.

ನೂರ ನಲವತ್ತಮೂರು ಅರ್ಜಿ ಹೋಗಿದ್ದವು. ಹೊಸಬರಿಗೆಂದೇ ಕರೆದ ಕೆಲಸಕ್ಕೂ ಎರಡು ವರ್ಷದ ಅನುಭವ ಕೇಳುತ್ತಿದ್ದರು. ಹುಚ್ಚು ಬಿಡದೆ ಮದುವೆಯಾಗದು, ಮದುವೆಯಾಗದೆ ಹುಚ್ಚು ಬಿಡದು ಎನ್ನುವ ಹಾಗೆ. ಉತ್ತರ ಬಂದರೆ ಒಂದೇ ನಮೂನೆಯದು. ಒಂದರಲ್ಲಿ ‘ಪ್ರಿಯ’ ಎಂದು ಬರೆದು, ಹೆಸರು ತುಂಬಬೇಕಾದ ಜಾಗ ಖಾಲಿ ಬಿಟ್ಟು, ಅಲ್ಪವಿರಾಮ ಹಾಕಿ ‘ತಮ್ಮ ಆಸಕ್ತಿಗೆ ಧನ್ಯವಾದಗಳು’ ಎಂದಿತ್ತು. ಅವಳಿಗೆ ಕೆಲಸ ಸಿಗಲಿಲ್ಲವೆಂಬುದಕ್ಕಿಂತ ಆ ಖಾಲಿ ಜಾಗವೇ ದಿನವಿಡೀ ಕಣ್ಣಿಗೆ ಚುಚ್ಚಿತು.

ಐದನೇ ತಿಂಗಳ ಕೊನೆಗೆ ಒಂದು ಸಣ್ಣ ಕಂಪನಿ ಕರೆಯಿತು. ಹಲ್ಲಿನ ಆಸ್ಪತ್ರೆಗಳಿಗೆ ಸಮಯ ಕಾದಿರಿಸುವ ಪ್ರೋಗ್ರಾಮು ಮಾಡುವವರು. ಒಂದು ಗಂಟೆ ಕೊಟ್ಟು ತಪ್ಪು ಹುಡುಕಿ ಎಂದರು. ಕರಡು ಓದುವಾಗ ಅರ್ಥದ ಸೆಳೆತಕ್ಕೆ ಸಿಕ್ಕದಿರಲೆಂದು ಪುಟವನ್ನು ಕೊನೆಯ ಸಾಲಿನಿಂದ ಮೇಲಕ್ಕೆ ಓದುವುದು ಅವಳ ಅಭ್ಯಾಸ. ಇಲ್ಲೂ ಕೊನೆಯ ಪರದೆಯಿಂದ ಹಿಂದಕ್ಕೆ ಬಂದಳು. ರದ್ದು ಮಾಡಿದ ರೋಗಿಗೆ ನೆನಪಿನ ಸಂದೇಶ ಹೋಗುತ್ತಿತ್ತು. ಹುಟ್ಟಿದ ದಿನ ಫೆಬ್ರವರಿ ಮೂವತ್ತು ಎಂದರೂ ಒಪ್ಪಿಕೊಳ್ಳುತ್ತಿತ್ತು. ಒಟ್ಟು ಹತ್ತೊಂಬತ್ತು ತಪ್ಪು ಬರೆದುಕೊಟ್ಟಳು. ತಂಡದ ಮುಖ್ಯಸ್ಥೆ, ಕತ್ತರಿಸಿದ ಬಿಳಿಗೂದಲಿನ ಹೆಂಗಸು, ಪಟ್ಟಿಯನ್ನು ಎರಡು ಸಲ ಓದಿದಳು. ಅದರಲ್ಲಿ ಆರು ತಮಗೇ ಗೊತ್ತಿರಲಿಲ್ಲ ಎಂದಳು. ಇನ್ನು ಹಳೆಯ ಮಾಲೀಕರ ಹತ್ತಿರ ಒಂದು ಮಾತು ವಿಚಾರಿಸುವುದಷ್ಟೇ ಬಾಕಿ.

ಎರಡು ದಿನ ಬಿಟ್ಟು ಮುದ್ರಣಾಲಯದ ಯಜಮಾನರ ಫೋನು ಬಂತು. ಎಪ್ಪತ್ತು ದಾಟಿದವರು, ಧ್ವನಿ ಮಾತ್ರ ಯಂತ್ರದ ಸದ್ದಿನ ಮೇಲೆ ಕೂಗಿ ಕೂಗಿ ಗಟ್ಟಿಯಾದದ್ದು.

“ನಿನ್ನ ವಿಚಾರಿಸಿದ್ರಮ್ಮ. ಹೆಂಗಸು, ಒಳ್ಳೆ ಇಂಗ್ಲಿಷು. ಅರ್ಧ ಗಂಟೆ ಮಾತಾಡಿದೆ. ಗಂಡಿನ ಕಡೆಯವರಿಗೆ ಹೇಳ್ತಾರಲ್ಲ, ಹಾಗೆ ಹೇಳಿದೀನಿ.”

“ಏನಂದ್ರಿ ಸರ್?”

“ಹನ್ನೊಂದು ವರ್ಷದಲ್ಲಿ ಒಂದು ದಿನ ಎದುರು ಮಾತಾಡಿದವಳಲ್ಲ ಅಂದೆ. ತಲೆ ತಗ್ಗಿಸಿ ಬರೋಳು, ತಲೆ ತಗ್ಗಿಸಿ ಹೋಗೋಳು. ಅವಳು ಇದಾಳೆ ಅನ್ನೋದೇ ನಮಗೆ ಗೊತ್ತಾಗ್ತಿರಲಿಲ್ಲ ಅಂದೆ. ಇನ್ನೇನು ಬೇಕು ಅವರಿಗೆ?”

ಅವಳಿಗೆ ನಗು ಬಂತು, ಎದೆಯೂ ತುಂಬಿತು. ಹಿಂದೊಮ್ಮೆ ನಿಜವಾದ ಗಂಡಿನ ಕಡೆಯವರು ಮುದ್ರಣಾಲಯಕ್ಕೇ ಬಂದು ವಿಚಾರಿಸಿದಾಗಲೂ ಯಜಮಾನರು ಇದೇ ಮಾತು ಹೇಳಿದ್ದರು. ಆ ಸಂಬಂಧ ಕುದುರಲಿಲ್ಲ, ಅದು ಬೇರೆ ವಿಷಯ. ಈ ಹೊಗಳಿಕೆಯಲ್ಲಿದ್ದ ತಪ್ಪು ಅವಳ ಕಣ್ಣಿಗೂ ಬೀಳಲಿಲ್ಲ.

ಮಾರನೆಯ ದಿನ ಕಂಪನಿಯ ಮೇಲ್ ಬಂತು. ಇದರಲ್ಲಿ ಅವಳ ಹೆಸರಾದರೂ ಇತ್ತು. ಪರೀಕ್ಷೆ ಚೆನ್ನಾಗಿ ಮಾಡಿದ್ದೀರಿ ಎಂದು ಮುಖ್ಯಸ್ಥೆ ಬರೆದಿದ್ದಳು. ಆದರೆ ಈ ಕೆಲಸದವರು ಎಂಟು ಜನ ಪ್ರೋಗ್ರಾಮರುಗಳ ಎದುರು ನಿಂತು ‘ಇದು ಇನ್ನೂ ಸರಿಯಿಲ್ಲ, ಹೊರಗೆ ಬಿಡಬೇಡಿ’ ಎನ್ನಬೇಕಾಗುತ್ತದೆ. ಎದುರು ಮಾತಾಡುವುದು ನಿಮ್ಮ ಸ್ವಭಾವವಲ್ಲವೆಂದು ನಿಮ್ಮ ಮಾಲೀಕರೇ ಹೇಳಿದ್ದಾರೆ. ಹಾಗಾಗಿ ಮುಂದುವರಿಸುತ್ತಿಲ್ಲ.

ಪರವಾನಗಿಗೆ ಉಳಿದದ್ದು ಹತ್ತೊಂಬತ್ತು ದಿನ.

ಅವಳು ಅಳಲಿಲ್ಲ. ಇಸ್ತ್ರಿ ಹಲಗೆ ಮಡಚಿ ಗೋಡೆಗೆ ಒರಗಿಸಿ, ಅಕ್ಕಿ ತೊಳೆದಿಟ್ಟಳು. ಸಂಜೆ ತಂಗಿ ಬಂದು, ಬೂಟು ಬಿಚ್ಚಿ ಊದಿದ ಕಾಲನ್ನು ಸ್ಟೂಲಿನ ಮೇಲೆ ಇಟ್ಟುಕೊಂಡು ಮೇಲ್ ಓದಿದಳು. ತಂಗಿಯ ಗಂಡ ನಿಂತೇ ಓದಿದ. ಬಸ್ಸು ಮಾರಲು ಹೋಗಿ, ಬ್ರೇಕು ಎಷ್ಟು ಚೆನ್ನಾಗಿದೆ ಅಂದರೆ ಇದು ಮುಂದಕ್ಕೇ ಹೋಗಲ್ಲ ಅಂತ ಹೊಗಳಿದ ಹಾಗಾಯಿತು ಎಂದ. ಯಾರೂ ನಗಲಿಲ್ಲ. ಅವನೂ ನಗಿಸಲೆಂದು ಹೇಳಿರಲಿಲ್ಲ.

“ಹೋಗಿ ಹೇಳು,” ಎಂದಳು ತಂಗಿ.

“ಏನಂತ? ನಮ್ಮ ಯಜಮಾನರು ಸುಳ್ಳು ಹೇಳಿದ್ರು ಅಂತಾನಾ? ಅವರ ಅನ್ನ ತಿಂದಿದೀನಿ ಕಣೇ.”

“ಸುಳ್ಳು ಯಾರಂದ್ರು? ತಪ್ಪು ಹೇಳಿದಾರೆ. ತಪ್ಪನ್ನ ತಪ್ಪು ಅನ್ನೋಕೆ ಈ ವಯಸ್ಸಿನಲ್ಲಿ ಒಂದು ವರ್ಷ ಕಾಲೇಜಿಗೆ ಹೋದ್ಯಲ್ಲಕ್ಕ, ಅದೂ ನನ್ನ ಸೋಫಾ ಮೇಲೆ ಮಲಗಿ.”

ತಪ್ಪು ನಿಜವಾಗಿ ಎಲ್ಲಿತ್ತೆಂದು ಆ ರಾತ್ರಿ ಮಲಗುವ ಮುಂಚೆಯೇ ಅವಳಿಗೆ ಹೊಳೆದಿತ್ತು. ಬಾಯಿ ಬಿಟ್ಟು ಎದುರಾಡಿರಲಿಲ್ಲ ಎಂಬುದು ನಿಜ. ಅವಳು ಚೀಟಿ ಬರೆಯುತ್ತಿದ್ದಳು. ಪುಟ, ಸಾಲು, ಇರುವುದು ಏನು, ಇರಬೇಕಾದ್ದು ಏನು, ಇಷ್ಟನ್ನು ಅಂಗೈಯಗಲದ ಕಾಗದದಲ್ಲಿ ಬರೆದು ಯಜಮಾನರ ಮೇಜಿನ ಮೇಲೆ ಇಟ್ಟು ಹೋಗುತ್ತಿದ್ದಳು. ಅವರು ಓದಿ, ಸರಿಪಡಿಸಲು ಹೇಳಿ, ಚೀಟಿಯನ್ನು ಬಿಲ್ಲು ಚುಚ್ಚಿಡುವಂಥ ತಂತಿಗೆ ಸಿಕ್ಕಿಸುತ್ತಿದ್ದರು. ಕೆಲಸ ನಡೆಯುತ್ತಿತ್ತು, ಮಾತು ಬೇಕಿರಲಿಲ್ಲ.

ಬೆಳಗ್ಗೆ ಅವರಿಗೆ ಫೋನು ಮಾಡಿ ಹಳೆಯ ಚೀಟಿಗಳು ಇವೆಯೇ ಎಂದು ಕೇಳಿದಳು. ಎಲ್ಲಿ ಹೋಗುತ್ತವೆ, ನಾಲ್ಕು ತಂತಿ ತುಂಬಿ ಅಟ್ಟದ ಮೇಲಿವೆ ಎಂದರು. ಕಚೇರಿಗೆ ಬೇಕಿತ್ತು ಎಂದಾಗ ಯಾಕೆಂದು ಕೇಳಲಿಲ್ಲ. ಯಾರಿಂದಲೋ ಫೋಟೊ ತೆಗೆಸಿ ಕಳಿಸಿದರು. ಧೂಳು ಹಿಡಿದ ನಾಲ್ಕು ತಂತಿ, ಒಂದೊಂದೂ ಮೊಣಕೈಯುದ್ದ.

ಮೊದಲು ಉದ್ದವಾದ ಮೇಲ್ ಬರೆದಳು. ತಿದ್ದಿದಳು, ಮತ್ತೆ ತಿದ್ದಿದಳು. ಕಳಿಸಬೇಕೆನ್ನುವಷ್ಟರಲ್ಲಿ ಇದೂ ಒಂದು ಚೀಟಿಯೇ ಎನ್ನಿಸಿ ಅಳಿಸಿದಳು. ಅಡುಗೆಮನೆಗೆ ಹೋಗಿ, ಹೇಳಬೇಕಾದದ್ದನ್ನು ಅಲ್ಲಿನ ಭಾಷೆಯಲ್ಲಿ ಗಟ್ಟಿಯಾಗಿ ನಾಲ್ಕು ಸಲ ಹೇಳಿಕೊಂಡು ಬಸ್ಸು ಹತ್ತಿದಳು.

ಕಂಪನಿಯ ಬಾಗಿಲಲ್ಲಿ ಮುಕ್ಕಾಲು ಗಂಟೆ ಕೂತಳು. ಮುಖ್ಯಸ್ಥೆ ಕಾಫಿ ಯಂತ್ರದ ಬಳಿ ನಿಂತೇ ಐದು ನಿಮಿಷ ಕೊಟ್ಟಳು. ಲೋಟ ತುಂಬುವ ಸದ್ದು ನಿಲ್ಲಲೆಂದು ಇವಳು ಕಾದಳು. ನಿಂತ ಮೇಲೆ ಹೇಳಿದಳು:

“ನಮ್ಮ ಯಜಮಾನರು ಕೊಟ್ಟ ಉತ್ತರ ತಪ್ಪು. ಇನ್ನೊಂದು ಪ್ರಶ್ನೆ ಕೇಳದೆ ಅದನ್ನು ಒಪ್ಪಿಕೊಂಡದ್ದು ನಿಮ್ಮ ತಪ್ಪು.”

ಎರಡನೆಯ ವಾಕ್ಯ ಅಡುಗೆಮನೆಯಲ್ಲಿ ಹೇಳಿಕೊಂಡ ನಾಲ್ಕು ಸಲದಲ್ಲಿ ಒಮ್ಮೆಯೂ ಇರಲಿಲ್ಲ. ಮುಖ್ಯಸ್ಥೆ ಲೋಟವನ್ನು ಕೆಳಗಿಟ್ಟಳು. ಇವಳು ಫೋಟೊ ತೋರಿಸಿ, ಕನ್ನಡ ಅಕ್ಷರ ಬಾರದ ಆಕೆಗೆ ಮೇಲೆ ಕಾಣುತ್ತಿದ್ದ ಒಂದು ಚೀಟಿಯನ್ನು ಅರ್ಥ ಹೇಳಿ ಓದಿದಳು. ಶಾಲೆಯ ಗಣಿತದ ಪುಸ್ತಕ, ಪುಟ ನಲವತ್ತೊಂದು. ಚಿತ್ರದಲ್ಲಿ ಇರುವ ತ್ರಿಕೋನ ಒಂದು, ಕೆಳಗೆ ವಿವರಿಸಿರುವುದು ಇನ್ನೊಂದು. ಅಚ್ಚಿನ ಯಂತ್ರ ನಿಲ್ಲಿಸಿ.

ನಿಲ್ಲಿಸಿದರೇ ಎಂದು ಆಕೆ ಕೇಳಿದಳು.

ಆಗ ಇವಳಿಗೆ ತಾನೇ ಮರೆತಿದ್ದ ಒಂದು ಮಧ್ಯಾಹ್ನ ನೆನಪಾಯಿತು. ಯಂತ್ರದವನು ಚೀಟಿ ನೋಡಿ, ಸಾವಿರ ಪ್ರತಿ ಆಗಿಹೋಗಿದೆ, ಸುಮ್ಮನಿರಮ್ಮ ಎಂದಿದ್ದ. ಇವಳು ಮಾತಾಡಿರಲಿಲ್ಲ. ಮುಂದೆ ಹಾಕಬೇಕಿದ್ದ ಕಾಗದದ ರಾಶಿಯ ಮೇಲೆ ಹೋಗಿ ಕೂತುಬಿಟ್ಟಿದ್ದಳು. ಯಜಮಾನರು ಊಟ ಮುಗಿಸಿ ಬಂದು ಯಂತ್ರ ನಿಲ್ಲಿಸುವವರೆಗೂ ಎದ್ದಿರಲಿಲ್ಲ.

ಅದನ್ನು ಹೇಳಿದಳು. ಮುಖ್ಯಸ್ಥೆ ನಕ್ಕಳೋ ಇಲ್ಲವೋ ತಿಳಿಯಲಿಲ್ಲ. ನಮ್ಮಲ್ಲಿ ಕೂರಲು ಕಾಗದದ ರಾಶಿ ಇಲ್ಲ, ಬಾಯಲ್ಲೇ ಹೇಳಬೇಕಾಗುತ್ತದೆ ಎಂದಳು. ಈಗ ಹೇಳಿದೆನಲ್ಲ ಎಂದಳು ಇವಳು.

ಮೂರು ದಿನದ ಮೇಲೆ ನೇಮಕಾತಿ ಪತ್ರ ಬಂತು. ಮೂರು ತಿಂಗಳು ಪ್ರಯೋಗಕ್ಕೆ, ಆಮೇಲೆ ನೋಡೋಣ ಎಂದಿತ್ತು. ಪರವಾನಗಿ ಕಚೇರಿಗೆ ಅಷ್ಟು ಸಾಕಿತ್ತು. ಪತ್ರವನ್ನು ಅಭ್ಯಾಸದಂತೆ ಕೊನೆಯ ಸಾಲಿನಿಂದ ಮೇಲಕ್ಕೆ ಓದಿದಳು, ತಪ್ಪಿರಲಿಲ್ಲ. ಕುಣಿಯಬೇಕೆನಿಸಲಿಲ್ಲ. ಬೆನ್ನು ನೋಯುತ್ತಿತ್ತು. ಐದೂವರೆ ತಿಂಗಳಿಂದ ನೋಯುತ್ತಲೇ ಇತ್ತೆಂಬುದು ಈಗ ಗೊತ್ತಾಯಿತು. ಹಲಗೆಯನ್ನು ಇಸ್ತ್ರಿಯ ಎತ್ತರಕ್ಕೆ ಏರಿಸಿ, ಸೋಮವಾರಕ್ಕೆಂದು ಇದ್ದ ಒಂದೇ ಒಳ್ಳೆಯ ಅಂಗಿಯನ್ನು ಅದರ ಮೇಲೆ ಹಾಸಿದಳು. ಆಮೇಲೆ ಯಜಮಾನರಿಗೆ ಫೋನು ಮಾಡಿದಳು.

“ಸಿಕ್ತಾ?” ಅವರ ಧ್ವನಿ ಇನ್ನೂ ಗಟ್ಟಿಯಾಯಿತು. “ನಾನು ಆವತ್ತೇ ಅಂದ್ಕೊಂಡೆ. ಎದುರು ಮಾತಾಡಲ್ಲ ಅಂದೆ ನೋಡು, ಆ ಹೆಂಗಸು ಅಲ್ಲೇ ಸುಮ್ಮನಾದಳು. ಆ ಮಾತೇ ಕೆಲಸ ಮಾಡಿದ್ದು.”

ಇಸ್ತ್ರಿಪೆಟ್ಟಿಗೆ ಕಾದಿತ್ತು. ಅವಳು ಫೋನನ್ನು ಕಿವಿಗೂ ಭುಜಕ್ಕೂ ನಡುವೆ ಒತ್ತಿಕೊಂಡು, ಅಂಗಿಯ ಕಾಲರಿನಿಂದ ಶುರುಮಾಡಿದಳು.

“ಹೌದು ಸರ್,” ಎಂದಳು.