ಮಂಚದ ಕೆಳಗೆ ಸಿಕ್ಕ ಮಹಾದೇವಿಯ ಕಾದಂಬರಿ

ನಮ್ಮ ನಡುಮನೆಯ ಮಂಚಕ್ಕೆ ನಾಲ್ಕು ಕಾಲುಗಳಿದ್ದರೂ ಅದು ನಿಂತಿರುವುದು ನನ್ನ ಕಾದಂಬರಿಯ ಮೇಲೆ. ಸಾವಿರ ಪ್ರತಿ ಹಾಕಿಸಿದರೆ ಚೆನ್ನಾಗಿರುತ್ತದೆ ಎಂದು ಮುದ್ರಕರು ಹೇಳಿದ್ದರು; ಚೆನ್ನಾಗಿಯೇ ಇದೆ. ಬಳ್ಳಾರಿಯ ಪಾರ್ವತಿನಗರದ ಈ ಪುಟ್ಟ ಮನೆಯಲ್ಲಿ ಕಟ್ಟುಕಟ್ಟಾಗಿ ಮಂಚದ ಕೆಳಗೆ ಸೇರಿಕೊಂಡು, ನಡುವೆ ಬಾಗಿದ ಹಲಗೆಗೆ ಆಸರೆಯಾಗಿ, ಗೆದ್ದಲಿಗೂ ಬೇಡವಾಗಿ ನಿಶ್ಚಿಂತೆಯಿಂದಿದೆ. ನೀವು ಬಂದರೆ ಆ ಮಂಚದ ಮೇಲೆಯೇ ಕೂರಿಸುತ್ತೇನೆ. ನನ್ನ ಸಾಹಿತ್ಯದಿಂದ ಯಾರಿಗಾದರೂ ಅಷ್ಟಾದರೂ ಆಧಾರ ಸಿಗಲಿ.

ಆ ಕಟ್ಟನ್ನು ಬಿಚ್ಚುವುದು ವರ್ಷಕ್ಕೊಮ್ಮೆ, ಮಹಾನವಮಿಯ ದಿನ. ಊರಿನವರೆಲ್ಲ ಟ್ರ್ಯಾಕ್ಟರಿಗೆ, ಸ್ಕೂಟರಿಗೆ, ಹೊಲಿಗೆ ಯಂತ್ರಕ್ಕೆ ಕುಂಕುಮ ಹಚ್ಚುವಾಗ ಬರೆಯುವವಳು ಪುಸ್ತಕವನ್ನಾದರೂ ಇಡಬೇಡವೇ? ಪೂಜೆಗಿಟ್ಟ ಪುಸ್ತಕವನ್ನು ಮರುದಿನ ಬನ್ನಿ ಹಂಚುವತನಕ ಓದಬಾರದೆಂಬುದು ನಮ್ಮಜ್ಜಿ ಹಾಕಿಕೊಟ್ಟ ಕಟ್ಟಳೆ. ನನ್ನ ಕಾದಂಬರಿಯ ವಿಷಯದಲ್ಲಿ ಊರೆಲ್ಲ ಆ ಕಟ್ಟಳೆಯನ್ನು ವರ್ಷಪೂರ್ತಿ ನಿಷ್ಠೆಯಿಂದ ಪಾಲಿಸುತ್ತಿದೆ.

ಹೀಗಿರುವಾಗ ಮಹಾದೇವಿ ಕಾದಂಬರಿ ಬರೆದಳು. ಕರೂರಿನಲ್ಲಿ ಹುಟ್ಟಿ, ಸಿರುಗುಪ್ಪದಲ್ಲಿ ಮಕ್ಕಳಿಗೆ ಪಾಠ ಹೇಳುವ ಮಹಾದೇವಿ, ಟ್ರೈನಿಂಗ್ ಕಾಲೇಜಿನಲ್ಲಿ ನನ್ನ ಪಕ್ಕದ ಬೆಂಚಿನವಳು. ಪ್ರಕಾಶಕರನ್ನು ಹುಡುಕಲಿಲ್ಲ, ಮುನ್ನುಡಿ ಬೇಡಲಿಲ್ಲ. ಯಾರಾದರೂ ಬೇಕೆಂದು ಕೇಳಿದಾಗ ಮಾತ್ರ ಒಂದೊಂದೇ ಪ್ರತಿ ಅಚ್ಚಾಗಿ ಅಂಚೆಯಲ್ಲಿ ಹೋಗುವ ಹೊಸ ಪದ್ಧತಿಯಿದೆಯಲ್ಲ, ಅದರಲ್ಲಿ ತಾನೇ ಪ್ರಕಟಿಸಿಕೊಂಡಳು.

“ಮಿರ್ಚಿ ಇದ್ದಂಗ ಲೇ,” ಎಂದು ಫೋನಿನಲ್ಲಿ ನಕ್ಕಿದ್ದಳು. “ಗಿರಾಕಿ ಬಂದು ಕೇಳಿದ ಮ್ಯಾಲೆ ಎಣ್ಣಿಗೆ ಬಿಡೋದು.”

ನಾನೋ ಬೆಳಿಗ್ಗೆಯೇ ಸಾವಿರ ಮಿರ್ಚಿ ಕರಿದಿಟ್ಟು ಬೀದಿ ನೋಡುತ್ತ ಕುಳಿತವಳು. ಅವಳ ಮಂಚದ ಕೆಳಗೆ ಗಾಳಿ ಆಡುತ್ತದೆಂಬುದೇ ನನಗೆ ಸಹಿಸಲಾಗಲಿಲ್ಲ.

ಆದರೆ ನನ್ನ ಹೊಟ್ಟೆಕಿಚ್ಚಿನ ನಿಜವಾದ ಕೆಂಡ ಅದಲ್ಲ. ಮಿತ್ರರೇ, ಹೇಳಿದರೆ ನೀವು ನನ್ನನ್ನು ಮನುಷ್ಯಳೆಂದು ಎಣಿಸುತ್ತೀರೋ ಇಲ್ಲವೋ, ನಾನು ಅವಳ ಕಾಯಿಲೆಯ ಮೇಲೆಯೇ ಅಸೂಯೆಪಟ್ಟೆ. ಮಹಾದೇವಿಗೆ ಹಿಂದೊಮ್ಮೆ ಮನಸ್ಸು ಕೆಟ್ಟಿತ್ತು. ಏಳಲೊಲ್ಲಳು, ಉಣ್ಣಲೊಲ್ಲಳು, ಸ್ವಂತ ಮಗುವನ್ನು ಎತ್ತಿಕೊಳ್ಳಲೊಲ್ಲಳು. ಕರೂರಿನಲ್ಲಿ ಗಾಳಿ ಸೋಕಿದೆಯೆಂದು ತಾಯತ ಕಟ್ಟಿಸಿದರು, ನಿಂಬೆಹಣ್ಣು ಇಳಿಸಿದರು. ಕಡೆಗೆ ವೈದ್ಯರ ಬಳಿ ಹೋಗಿ, ಬಹುಕಾಲ ಗುಳಿಗೆ ನುಂಗಿ, ಮೆಲ್ಲಗೆ ಹಿಂತಿರುಗಿದಳು. ಅದೆಲ್ಲವನ್ನೂ ಒಬ್ಬ ಹೆಣ್ಣುಮಗಳ ಕಥೆಯಾಗಿ ಬರೆದಿದ್ದಾಳೆ. ಎಲಾ, ಇವಳಿಗೆ ಬರೆಯಲು ಒಂದು ನರಕವಾದರೂ ಇತ್ತಲ್ಲ ಎನಿಸಿತು ನನಗೆ! ನನ್ನ ಕಾದಂಬರಿಯಲ್ಲಿ ಕೋಟೆಯಿತ್ತು, ರಾಣಿಯಿದ್ದಳು, ಸೂರ್ಯಾಸ್ತಗಳು ಧಾರಾಳವಾಗಿದ್ದವು. ಬೆಳಿಗ್ಗೆ ಏಳಲಾಗದೆ ಮಲಗಿದ ಮನುಷ್ಯರೊಬ್ಬರೂ ಇರಲಿಲ್ಲ.

ಪುಸ್ತಕ ತರಿಸದೆ, ಫೋನಿನಲ್ಲಿ ಪುಕ್ಕಟೆ ಸಿಕ್ಕ ಮೊದಲ ಕೆಲವು ಪುಟಗಳನ್ನಷ್ಟೇ ಓದಿದೆ, ಮೊಸರಿನಲ್ಲಿ ಕಲ್ಲು ಹುಡುಕುವ ಸಲುವಾಗಿ. ಕಲ್ಲು ಸಿಗಲಿಲ್ಲ. ಅದು ಇನ್ನಷ್ಟು ಉರಿಸಿತು.

ನವರಾತ್ರಿಯ ಮೊದಲ ದಿನ ಅವಳದೇ ಫೋನು. “ಮೊದಲನೇ ಪುಸ್ತಕ ಬಳ್ಳಾರಿಗೆ ಹೋಗೇತಿ! ಫೋನಿನ್ಯಾಗ ತರಿಸಿದವರ ಹೆಸರು ತೋರಸಂಗಿಲ್ಲ, ಊರಷ್ಟೇ ತೋರಸ್ತೈತಿ. ಆದ್ರ ನನಗ ಗೊತ್ತಿಲ್ಲೇನು, ನೀನಽ ಅಂತ? ಬನ್ನಿ ಕೊಡಾಕ ಬಂದಾಗ ನಿನ್ನ ಕಾಲಿಗೆ ಬೀಳ್ತೀನಿ ನೋಡು.” ನಾನಲ್ಲವೆನ್ನಲು ಬಾಯಿ ತೆರೆದೆ, ಆದರೆ ಬಾಯಿಂದ ಬಂದದ್ದು ಬರೀ “ಹೂಂ.” ಫೋನಿಟ್ಟ ಮೇಲೆ, ಈ ಊರಿನಲ್ಲಿ ಅವಳನ್ನು ಓದುವ ಆ ಅಜ್ಞಾತ ಓದುಗ ಯಾರೆಂದು ಹೊಸ ಹೊಟ್ಟೆಕಿಚ್ಚು ಶುರುವಾಯಿತು.

ಅವಳ ಪುಸ್ತಕದ ಸುದ್ದಿಯನ್ನೆಲ್ಲ ಹೇಳಿಕೊಂಡಂತೆ ನಮ್ಮ ಮನೆಯವರಿಗೆ ಇದನ್ನೂ ಹೇಳಿಕೊಂಡೆ. ಅವರು ಆರಿದ ಚಹಾವನ್ನೇ ನೋಡುತ್ತಿದ್ದರು. ಕುರುಗೋಡಿನಲ್ಲಿ ಹೆಡ್‌ಮಾಸ್ತರರಾಗಿದ್ದವರು, ನಿವೃತ್ತರಾದ ಮೇಲೆ ಮಾತು ಕಡಿಮೆಯಾಗಿತ್ತು. ದಿನವೂ ಬಾದನಹಟ್ಟಿಯ ಹೊಲ ನೋಡಿಬರುತ್ತೇನೆಂದು ಬಸ್ಸು ಹತ್ತುತ್ತಿದ್ದರು. ಹೊಲದ ಹುಚ್ಚು ಹಿಡಿದಿದೆ, ಒಳ್ಳೆಯದೇ ಆಯಿತು ಎಂದುಕೊಂಡಿದ್ದೆ.

ನವಮಿಯ ಬೆಳಿಗ್ಗೆ ಮಂಚದ ಕೆಳಗೆ ಬಗ್ಗಿ ಕಟ್ಟು ಎಳೆದಾಗ ಹುರಿ ಸಡಿಲವಾಗಿತ್ತು. ನನ್ನ ರಾಣಿಯರ ನಡುವೆ ಬೇರೆ ಬಣ್ಣದ ಬೆನ್ನೊಂದು ಕಂಡಿತು. ಎಳೆದು ನೋಡಿದರೆ ಮಹಾದೇವಿಯ ಕಾದಂಬರಿ. ಅರ್ಧದಲ್ಲಿ ಒಂದು ಪುಟದ ಮೂಲೆ ಮಡಚಿತ್ತು. ಮೊದಲು ಬಂದದ್ದು ಸಿಟ್ಟೇ: ನನ್ನ ಮನೆಯಲ್ಲಿ, ನನ್ನ ಪುಸ್ತಕದ ಹೊಟ್ಟೆಯೊಳಗೇ ಇವಳು!

“ನಿನ್ನ ಕಟ್ಟು ಯಾರು ಬಿಚ್ಚತಾರ ಅಂತ ಇಟ್ಟಿದ್ದೆ,” ಎಂದರು ಅವರು, ಬಾಗಿಲಲ್ಲಿ ನಿಂತು. “ಇವತ್ತು ನವಮಿ ಅಂಬೋದು ಮರತಽ ಹೋಗೇತಿ.”

ಮೂವತ್ತು ವರ್ಷ ಶಾಲೆಯಲ್ಲಿ ಸರಸ್ವತಿ ಪೂಜೆ ಮಾಡಿಸಿದ ಮನುಷ್ಯ ನವಮಿಯನ್ನು ಮರೆತಿದ್ದರು. ನನ್ನ ಸಿಟ್ಟು ಅಲ್ಲಿಗೇ ನಿಂತಿತು.

“ಯಾಕ್ರೀ, ಏನಾಗೇತಿ?”

ಅವರು ಮಂಚದ ಮೇಲೆ ಕುಳಿತರು. “ಬೆಳಿಗ್ಗಿ ಕಣ್ಣು ಬಿಟ್ಟ ಕೂಡ್ಲೇ ಎದಿ ಮ್ಯಾಲೆ ಯಾರೋ ಕುಂತಂಗ ಆಗ್ತೈತಿ. ಹೊಲಕ್ಕ ಹೋಗ್ತೀನಿ ಅಂತಿದ್ನಲ್ಲ, ಹೊಲ ಮುಟ್ಟೇ ಇಲ್ಲ. ಕುರುಗೋಡು ಬಸ್ ಸ್ಟ್ಯಾಂಡಿನ್ಯಾಗ ಕುಂತು ವಾಪಸ್ ಬರ್ತಿದ್ದೆ. ಇದರಾಗಿನ ಹೆಣ್ಮಗಳೂ ಹಂಗಽ ಮಾಡ್ತಾಳ. ಡಾಕ್ಟರ್ ಬಾಗಲತನಕ ಹೋಗಿ ನಿಂತಾಳ. ಒಳಗ ಹೋಗ್ತಾಳೋ ಇಲ್ಲೋ, ಅಲ್ಲಿಗಿ ನಾನೂ ನಿಂತೀನಿ.”

ದೀಪದ ಬುಡದಲ್ಲಿ ಕತ್ತಲೆ ಎನ್ನುತ್ತಾರೆ. ನನಗೆ ಬರೆಯಲು ನೋವಿಲ್ಲವೆಂದು ನಾನು ಕೊರಗುತ್ತಿದ್ದಾಗ ಅದು ನನ್ನ ಕಣ್ಣೆದುರು ಚಹಾ ಆರಿಸಿಕೊಂಡು ಕುಳಿತಿತ್ತು. ಅಳು ಬಂತು. ಅಳುವಿನ ನಡುವೆಯೂ, ಕೇಳಿ, ಹೊಟ್ಟೆ ಉರಿಯಿತು. ಇಷ್ಟು ವರ್ಷದ ಸಂಸಾರದಲ್ಲಿ ನನಗೆ ಹೇಳದ್ದನ್ನು ಈ ಮನುಷ್ಯ ಅವಳ ಪುಸ್ತಕಕ್ಕೆ ಹೇಳಿಕೊಂಡಿದ್ದರು.

ನನ್ನ ಕೈಯಲ್ಲಿದ್ದ ಪುಸ್ತಕವನ್ನೇ ನೋಡುತ್ತ ಮೆಲ್ಲಗೆ ಕೇಳಿದರು: “ಪೂಜಿಗಿ ಇಡ್ತೀಯೇನು? ಇಟ್ರ ನಾಳಿತನಕ ಓದಾಕ ಬರಂಗಿಲ್ಲಲ್ಲ.”

ಇಡಲಿಲ್ಲ, ಅವರ ಕೈಗೆ ಕೊಟ್ಟೆ. ಆಮೇಲೆ ಮಹಾದೇವಿಗೆ ಫೋನು ಹಚ್ಚಿ, “ಪುಸ್ತಕ ತರಿಸಿದಾಕಿ ನಾನಲ್ಲಲೇ,” ಎಂದೆ. “ಮತ್ತ ಯಾರು?” ಎಂದಳು. “ನಾಳಿ ಬನ್ನಿ ಕೊಡಾಕ ಬಾ. ಮೊದಲು ನಮ್ಮ ಮನಿಯವರ ಕೈಯಾಗ ಕೊಡು,” ಎಂದೆ. ಅವಳಿಗೆ ಅರ್ಥವಾಯಿತು, ಅಂಥದ್ದು ಅವಳಿಗೆ ಬೇಗ ಅರ್ಥವಾಗುತ್ತದೆ.

ನನ್ನ ಕಾದಂಬರಿಯನ್ನು ದೇವರ ಜಗಲಿಯ ಮೇಲಿಟ್ಟು ಕುಂಕುಮ ಹಚ್ಚಿ, ಚೆಂಡುಹೂವು ಏರಿಸಿ ಆರತಿ ಬೆಳಗಿದೆ. ಎಷ್ಟು ಲಕ್ಷಣವಾಗಿತ್ತು, ಎಷ್ಟು ಹೊಸದಾಗಿತ್ತು! ತಿರುಗಿ ನೋಡಿದರೆ, ನನ್ನ ಉಳಿದಷ್ಟೂ ಪ್ರತಿಗಳ ಮೇಲೆ ಕುಳಿತು ಅವರು ಅವಳ ಒಂದೇ ಪ್ರತಿಯನ್ನು ಓದುತ್ತಿದ್ದರು.

“ಆಕಿ ಒಳಗ ಹೋದ್ಲು ನೋಡು,” ಎಂದರು, ತಲೆ ಎತ್ತದೆ.

ಹೊಟ್ಟೆಕಿಚ್ಚು ಇನ್ನೂ ಆರಿರಲಿಲ್ಲ. ಆರತಿ ತಟ್ಟೆ ಕೆಳಗಿಟ್ಟು ಅವರ ಪಕ್ಕದಲ್ಲಿ ಕುಳಿತೆ. “ಹಬ್ಬ ಮುಗೀಲಿ, ನಾವೂ ಹೋಗೋಣ್ರಿ,” ಎಂದೆ.

“ಹೂಂ,” ಎಂದು ಪುಟ ತಿರುವಿದರು.