ಊರೂರು ಸುತ್ತುವ ಜಂಪರ್ ಪೀಸು

ನಮ್ಮ ಮನೆಯ ಕಪಾಟಿನ ಕೆಳಗಿನ ಖಾನೆಯನ್ನು ನಾನು ಯಾರಿಗೂ ತೋರಿಸುವುದಿಲ್ಲ. ಅಲ್ಲಿ ಚಿನ್ನವಿಲ್ಲ, ಜಂಪರ್ ಪೀಸುಗಳಿವೆ, ಅಂದರೆ ರವಿಕೆಯ ಬಟ್ಟೆಗಳು. ಮನೆಗೆ ಬಂದ ಹೆಣ್ಣುಮಕ್ಕಳಿಗೆ ಕುಂಕುಮ ಹಚ್ಚಿ, ಅಕ್ಕಿ, ಕಾಯಿಯ ಜೊತೆ ಒಂದು ಪೀಸು ಇಟ್ಟು ಉಡಿ ತುಂಬಿ ಕಳಿಸುವುದು ನಮ್ಮ ಕಡೆಯ ಪದ್ಧತಿ. ಅದನ್ನು ಹೊಲಿಸಿ ತೊಡುವವರು ಅಪರೂಪ. ಮಡಿಕೆ ಬಿಚ್ಚದೆ ಇಟ್ಟು, ಇನ್ನೊಬ್ಬರ ಉಡಿಗೆ ದಾಟಿಸುವುದೇ ರೂಢಿ. ಇದಕ್ಕೂ ಒಂದು ಶಾಸ್ತ್ರವಿದೆ. ಕುಷ್ಟಗಿಯಲ್ಲಿ ಬಂದದ್ದನ್ನು ಕುಷ್ಟಗಿಯವರಿಗೇ ಕೊಡಬಾರದು, ಗಂಗಾವತಿಗೆ ಕಳಿಸಬೇಕು, ಗಂಗಾವತಿಯದು ಯಲಬುರ್ಗಾಕ್ಕೆ. ನಮ್ಮ ಕಡೆಯ ಇಟಗಿಯ ಕಲ್ಲಿನ ಗುಡಿ ಒಂಬೈನೂರು ವರ್ಷ ಹಳೆಯದು, ಒಪ್ಪುತ್ತೇನೆ. ಆದರೆ ನನ್ನ ಖಾನೆಯ ಕೆಲವು ಪೀಸುಗಳ ಕಾಲ ಗೊತ್ತುಮಾಡಲಿಕ್ಕೂ ಶಾಸನ ಓದುವವರನ್ನೇ ಕರೆಸಬೇಕಾದೀತು.

ಇಂಥ ಖಾನೆ ಇಟ್ಟುಕೊಂಡವಳನ್ನು ಮಗಳ ಶಾಲೆಯವರು ಕರೆದರು: ಮೂರನೆಯ ತರಗತಿಯ ಮಕ್ಕಳಿಗೆ ಮನೆಯ ಕಸ ಕಡಿಮೆ ಮಾಡುವುದರ ಬಗ್ಗೆ ನಾಲ್ಕು ಮಾತು ಹೇಳಬೇಕಂತೆ. ಕಾನ್ವೆಂಟಿನಲ್ಲಿ ಕಲಿತವಳು, ಚೆನ್ನಾಗಿ ಮಾತಾಡಬಹುದು ಎಂದು ಅವರ ಅಂದಾಜು. ಕಾನ್ವೆಂಟು ನನಗೆ ಕಲಿಸಿದ್ದು ಸಾಲಾಗಿ ನಿಲ್ಲುವುದನ್ನು ಮತ್ತು ಮೆಲ್ಲಗೆ ಮಾತಾಡುವುದನ್ನು. ಮೆಲ್ಲಗೆ ಮಾತಾಡಿದೆ. ಮಕ್ಕಳು ಆಕಳಿಸಿದರು. ಹಸಿ ಕಸ, ಒಣ ಕಸ ಎಂದು ಹಲಗೆಯ ಮೇಲೆ ದುಂಡಗೆ ಬರೆದೆ. ಕಿಟಕಿಯಾಚೆ ಒಂದು ಅಳಿಲು ನನಗಿಂತ ಚೆನ್ನಾಗಿ ಪಾಠ ಮಾಡುತ್ತಿತ್ತು. ಎಲ್ಲರ ಕಣ್ಣೂ ಅದರ ಮೇಲೆ. ಪ್ಲಾಸ್ಟಿಕ್ ಚೀಲವನ್ನು ಮನೆಯೊಳಗೆ ಬಿಟ್ಟುಕೊಳ್ಳಲೇಬಾರದು ಎಂದಾಗ ಮುಂದಿನ ಸಾಲಿನಿಂದ ಸಹನಾ ಎದ್ದು ನಿಂತಳು. ನಮ್ಮ ಪಕ್ಕದ ಮನೆಯ ಶಾಂತಕ್ಕನ ಮಗಳು.

"ಆಂಟಿ, ನಿನ್ನೆ ನೀವು ಟೊಮೆಟೊ ಕ್ಯಾರಿಬ್ಯಾಗ್‌ನ್ಯಾಗ ತಂದಿರಲ್ರಿ? ನಾ ನೋಡೀನ್ರಿ!"

ತರಗತಿ ಒಮ್ಮೆಲೇ ಎಚ್ಚರಾಯಿತು. ಅಳಿಲನ್ನು ಬಿಟ್ಟು ಎಲ್ಲರೂ ನನ್ನನ್ನು ನೋಡತೊಡಗಿದರು.

ಮಾನ ಉಳಿಸಿಕೊಳ್ಳುವ ಅವಸರದಲ್ಲಿ, ಎಲ್ಲರಿಗೂ ಬಟ್ಟೆಯ ಚೀಲ ಹೊಲಿದು ತರುತ್ತೇನೆ ಎಂದುಬಿಟ್ಟೆ. ಬಟ್ಟೆಗೆ ಖಾನೆ ಇದ್ದೇ ಇತ್ತಲ್ಲ! ನನ್ನ ಬುದ್ಧಿಗೆ ನಾನೇ ಮೆಚ್ಚಿ, ಮಷಿನ್ ಮುಂದೆ ಕುಳಿತೆ. ಮಡಿಕೆಯ ಗೆರೆಗಳು ಇಸ್ತ್ರಿಗೂ ಜಗ್ಗಲಿಲ್ಲ. ಒಂದರ ಮೂಲೆಯಲ್ಲಿ ಯಾರದೋ ಬೆರಳಿನ ಕುಂಕುಮ ಹಾಗೇ ಇತ್ತು. ಚೀಲ ಹಂಚಿದ ದಿನ ಮಕ್ಕಳು ಹೆಗಲಿಗೆ ಹಾಕಿಕೊಂಡು ಕುಣಿದರು. ಸಹನಾಳಿಗೆ ಮಾವಿನಕಾಯಿ ಹಸಿರಿನದು ಬಂತು.

ಅಂದು ಸಂಜೆ ಶಾಂತಕ್ಕ ಕಾಂಪೌಂಡಿನಾಚೆಯಿಂದ ಮಾತಾಡಿಸಲಿಲ್ಲ. ಮರುದಿನವೂ ಇಲ್ಲ. ನನ್ನ ಒಗ್ಗರಣೆಯ ವಾಸನೆ ದಾಟಿದ ಕೂಡಲೇ "ಏನ್ ಅಡಗಿ ಅಕ್ಕಾರ?" ಎನ್ನುವವರು ಬೆನ್ನು ತಿರುಗಿಸಿ ಬಟ್ಟೆ ಹರವುತ್ತಿದ್ದರು. ಈ ಊರಿನಲ್ಲಿ ನನ್ನ ಸಪ್ಪೆ ಸಾರನ್ನೂ ಹೊಗಳಿ ಉಣ್ಣುವ ಜೀವ ಅದೊಂದೇ. ಕೊನೆಗೆ ಗುಟ್ಟು ಬಿಟ್ಟದ್ದು ಸಹನಾ.

"ಅವ್ವ ಚೀಲ ನೋಡಿ ಸುಮ್ನಾದ್ಲರಿ. ನಿಮ್ಮ ಉಡಿಗೆ ಹಾಕಿದ್ದ ಆ ಪೀಸು, ನಿಮ್ಮ ಹಸರು ಸೀರಿಗೆ ಹೊಂದೂದು ಬೇಕಂತ ಅಂಗಡಿ ಅಂಗಡಿ ತಿರಗಿ ತಂದಿದ್ಲಂತ್ರಿ."

ನನ್ನ ಶಾಸ್ತ್ರದಲ್ಲಿ ಈ ಒಂದು ಜಾತಿ ಬಿಟ್ಟೇಹೋಗಿತ್ತು: ದಾಟಿಸಲಿಕ್ಕಲ್ಲದೆ, ನನಗೆಂದೇ ಕೊಂಡದ್ದು. ಬಿಚ್ಚಿ ಸೀರೆಯ ಪಕ್ಕ ಹಿಡಿದಿದ್ದರೆ ತಿಳಿಯುತ್ತಿತ್ತು. ನಾನು ಬಿಚ್ಚಿದ್ದು ಕತ್ತರಿ ಹಾಕಲಿಕ್ಕೆ.

ಕ್ಷಮೆಯ ಮಾತನ್ನು ಇಂಗ್ಲಿಷಿನಲ್ಲಿ ಚೆಂದ ಜೋಡಿಸಿಕೊಂಡು ಹೋದೆ. ಬಾಗಿಲಲ್ಲಿ ಎಲ್ಲ ಮರೆತೆ. ಶಾಂತಕ್ಕ ಪುಂಡಿಪಲ್ಯದ ಸೊಪ್ಪು ಬಿಡಿಸುತ್ತಿದ್ದರು.

"ಶಾಂತಕ್ಕ, ನಂದ ತಪ್ಪಾತ್ರಿ."

"ಯಾವ್ ತಪ್ಪ್ರಿ? ಕತ್ರಿ ಹಾಕಿದ್ದೋ, ಹಂಗ ಹೊಲದದ್ದೋ?" ಎಂದು ಮೂಲೆಯಿಂದ ಆ ಹಸಿರು ಚೀಲವನ್ನೆತ್ತಿ ನನ್ನ ಕೈಗೆ ತುರುಕಿದರು. "ಸಂತ್ಯಾಗ ಉಳ್ಳಾಗಡ್ಡಿ ಹಾಕ್ಸಿದ್ನಿ, ತಳಾನ ಹೋತು. ಮಂದಿ ಎಲ್ಲಾ ನಕ್ರು. ಕಾನ್ವೆಂಟ್‌ನ್ಯಾಗ ಇದನ್ನ ಕಲಿಸಿದ್ರೇನ್ರಿ?"

ಕಾನ್ವೆಂಟಿನಲ್ಲಿ ಕಲಿಸಿದ್ದು ಕರವಸ್ತ್ರದ ಮೂಲೆಗೆ ಹೂ ಹಾಕುವುದನ್ನು. ಕರವಸ್ತ್ರ ಉಳ್ಳಾಗಡ್ಡಿ ಹೊರುವುದಿಲ್ಲ. ಆದರೂ ಸಿಟ್ಟಿನಲ್ಲೇ ಆ ಚೀಲವನ್ನು ಸಂತೆಗೆ ಒಯ್ದಿದ್ದರಲ್ಲ ಎಂಬುದು ಸ್ವಲ್ಪ ಧೈರ್ಯ ಕೊಟ್ಟಿತು. ಸೂಜಿ ದಾರ ಕೊಟ್ಟು ಅಲ್ಲೇ ಕೂರಿಸಿ, "ಇನ್ನೊಂದ್ ಹೊಲಿಗಿ ಹಾಕ್ರಿ, ಗಟ್ಟಿ ಆಗ್ಲಿ" ಎಂದು ಮುಂದೆ ನಿಂತು ಹೊಲಿಸಿದರು. ನಡುವೆ ಒಮ್ಮೆ ಮೆಲ್ಲಗೆ, "ಆ ಸೀರಿ ಮ್ಯಾಲೆ ಭಾಳ ಚಂದ ಕಾಣ್ತಿತ್ರಿ" ಎಂದರು. ಹೇಳದಿದ್ದರೂ ನಾನು ಇನ್ನೊಂದು ಹೊಲಿಗೆ ಹಾಕಿದೆ.

ಹೊರಟಾಗ ರೂಢಿಯಂತೆ ಕುಂಕುಮ ಹಚ್ಚಿದರು. ಪೀಸಿಗೆಂದು ಅವರ ಕೈ ತಾನಾಗಿ ತಮ್ಮ ಕಪಾಟಿನ ಕಡೆ ಹೋಯಿತು, ಅರ್ಧದಲ್ಲೇ ನಿಂತಿತು. ಇಬ್ಬರೂ ಒಬ್ಬರನ್ನೊಬ್ಬರು ನೋಡಿ, ತಡೆಯಲಾಗದೆ ನಕ್ಕೆವು. ಶಾಂತಕ್ಕ ಕಣ್ಣೊರೆಸಿಕೊಂಡು, ಬಿಡಿಸಿಟ್ಟ ಪುಂಡಿಸೊಪ್ಪನ್ನು ಬೊಗಸೆಯಲ್ಲಿ ತುಂಬಿ ನನ್ನ ಸೆರಗಿಗೆ ಹಾಕಿದರು.

"ಇದು ನಾಳಿಗೆ ಬಾಡತೈತಿ ಅಕ್ಕಾರ. ಇದನ್ನ ಯಾರಿಗೂ ದಾಟ್ಸಾಕ ಬರಂಗಿಲ್ಲ. ಇವತ್ತ ಮಾಡ್ಕೊಂಡು ತಿನ್ರಿ."

ಅಂದೇ ತೊಗರಿಬೇಳೆ, ಜೋಳದ ನುಚ್ಚು ಹಾಕಿ ಕುದಿಸಿದೆ; ಒಂದು ಬಟ್ಟಲು ಕಾಂಪೌಂಡಿನಾಚೆಗೂ ಕೊಟ್ಟೆ. ರಾತ್ರಿ ಪಾತ್ರೆಯಲ್ಲಿ ಒಂದು ಎಲೆಯೂ ಉಳಿಯಲಿಲ್ಲ. ಕಸ ಕಡಿಮೆ ಮಾಡುವ ವಿದ್ಯೆಯಲ್ಲಿ ನಾನು ಪೂರ್ತಿ ಪಾಸಾದದ್ದು ಅದೊಂದೇ ದಿನ. ಅದಕ್ಕೂ ಕಾಂಪೌಂಡಿನಾಚೆಯಿಂದ ಶಾಂತಕ್ಕನ ತಕರಾರು ಬಂತು:

"ಉಪ್ಪು ಮರತೀರಿ, ಅಕ್ಕಾರ!"